ಕೈಗೆಟುಕದ ದೂರಕ್ಕೆ ಬೆಳಕಿನ ಅಳತೆಗೋಲು

ಬಟ್ಟೆ ಅಂಗಡಿಯವರು ಮೀಟರ್ ಕಡ್ಡಿಯಿಂದ ಬಟ್ಟೆ ಅಳೆಯುತ್ತಾರೆ. ಸರ್ವೆಯವರು ಸರಪಳಿ ಹಿಡಿದು ಹೊಲ ಅಳೆಯುತ್ತಿದ್ದರು. ಆದರೆ ಅಳೆಯಬೇಕಾದ ವಸ್ತುವಿನ ಬಳಿಗೆ ಹೋಗುವುದೇ ಸಾಧ್ಯವಿಲ್ಲದಿದ್ದರೆ? ಅದೂ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಟ್ಟು ಸೂಕ್ಷ್ಮವಾಗಿ ಅಳೆಯಬೇಕಾಗಿದ್ದರೆ?

ಇಂಥ ಸಮಸ್ಯೆ ಎದುರಾದದ್ದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ. ಅಲ್ಲಿ ನೆಲದಡಿಯ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಪ್ರೋಟಾನ್‌ಗಳನ್ನು ಪರಸ್ಪರ ಡಿಕ್ಕಿ ಹೊಡೆಸುವ ಯಂತ್ರ 2008ರಲ್ಲಿ ಚಾಲನೆಗೊಂಡಿತು. ಡಿಕ್ಕಿಯಿಂದ ಚಿಮ್ಮುವ ಕಣಗಳ ಜಾಡು ಹಿಡಿಯಲು ನಿರ್ಮಿಸಿದ ಉಪಕರಣಗಳಲ್ಲಿ ಅಟ್ಲಾಸ್ ಒಂದು. ಅದರ ಉದ್ದ 46 ಮೀಟರ್, ತೂಕ 7,000 ಟನ್. ಇಷ್ಟು ದೊಡ್ಡ ಉಪಕರಣದ ಒಡಲಲ್ಲಿ ಸಿಲಿಕಾನ್ ಸಂವೇದಕಗಳನ್ನು ಹೊತ್ತ ಹಗುರವಾದ ಚೌಕಟ್ಟಿದೆ. ಅದು ಕೂದಲೆಳೆಯಷ್ಟು ಸರಿದರೂ ಕಣಗಳ ಹಾದಿಯ ಲೆಕ್ಕ ತಪ್ಪುತ್ತದೆ. ಯಂತ್ರ ನಡೆಯುವಾಗ ವಿಕಿರಣದ ಕಾರಣ ಒಳಗೆ ಯಾರೂ ಹೋಗುವಂತಿಲ್ಲ. ಆದ್ದರಿಂದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಕೆಲಸಕ್ಕೆ ಲೇಸರ್ ಬೆಳಕನ್ನು ನೇಮಿಸಿದರು.

ಬೆಳಕು ಅಲೆಯಂತೆ ಸಾಗುತ್ತದೆಂದು ವಿದ್ಯಾರ್ಥಿಗಳು ಓದಿದ್ದೀರಿ. ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ಅಂತರವೇ ತರಂಗದೂರ. ಲೇಸರ್ ಕಿರಣವನ್ನು ಎರಡಾಗಿ ಸೀಳಿ, ಬೇರೆ ಬೇರೆ ದಾರಿಯಲ್ಲಿ ಕಳುಹಿಸಿ ಮತ್ತೆ ಕೂಡಿಸಿದಾಗ, ಉಬ್ಬಿಗೆ ಉಬ್ಬು ಸೇರಿದರೆ ಬೆಳಕು ಹೆಚ್ಚುತ್ತದೆ. ಉಬ್ಬಿಗೆ ತಗ್ಗು ಸೇರಿದರೆ ಕತ್ತಲಾಗುತ್ತದೆ. ಇದೇ ವ್ಯತಿಕರಣ. ಈ ವಿಧಾನದಿಂದ ಮೈಕೆಲ್ಸನ್ ಎಂಬ ವಿಜ್ಞಾನಿ 1892-93ರಲ್ಲಿ ಪ್ಯಾರಿಸ್ ಬಳಿ ಒಂದು ಮೀಟರಿನಲ್ಲಿ ಬೆಳಕಿನ ಎಷ್ಟು ಅಲೆಗಳಿವೆ ಎಂಬುದನ್ನೇ ಲೆಕ್ಕಹಾಕಿದರು.

ಸಾಮಾನ್ಯ ವಿಧಾನದಲ್ಲಿ ಕನ್ನಡಿಯೊಂದನ್ನು ಸರಿಸುತ್ತಾ, ಬೆಳಕು ಎಷ್ಟು ಸಲ ಮಿಣುಕಿತೆಂದು ಎಣಿಸುತ್ತಾರೆ. ಇದರಿಂದ ಕನ್ನಡಿ ಎಷ್ಟು ಸರಿಯಿತೆಂಬುದು ತಿಳಿಯುತ್ತದೆಯೇ ಹೊರತು ಅದು ಎಷ್ಟು ದೂರದಲ್ಲಿದೆ ಎಂಬುದು ತಿಳಿಯದು. ನಡುವೆ ಕಿರಣ ಕಡಿದುಹೋದರೆ ಎಣಿಕೆಯೂ ಹೋಯಿತು!

ಇದಕ್ಕೆ ಉಪಾಯವೆಂದರೆ ಕನ್ನಡಿಯನ್ನು ಸರಿಸದೆ ಲೇಸರಿನ ತರಂಗದೂರವನ್ನೇ ಮೆಲ್ಲಗೆ ಬದಲಿಸುವುದು. ಎರಡು ದಾರಿಗಳಿವೆ ಎನ್ನಿ. ನಿಮ್ಮ ನಡಿಗೆಗೆ ಒಂದು 100 ಹೆಜ್ಜೆ, ಇನ್ನೊಂದು 1,000 ಹೆಜ್ಜೆ. ಈಗ ಹೆಜ್ಜೆಯನ್ನು ತುಸು ಚಿಕ್ಕದು ಮಾಡಿ. ಮೊದಲ ದಾರಿಗೆ 101 ಹೆಜ್ಜೆ ಬೇಕಾದರೆ ಎರಡನೆಯದಕ್ಕೆ 1,010 ಬೇಕು. ಹೆಚ್ಚಾದ ಹೆಜ್ಜೆಗಳು ಒಂದು ಕಡೆ 1, ಇನ್ನೊಂದು ಕಡೆ 10. ದಾರಿ ಎಷ್ಟು ಪಟ್ಟು ಉದ್ದವೋ ಹೆಚ್ಚಳವೂ ಅಷ್ಟೇ ಪಟ್ಟು. ಬೆಳಕಿಗೂ ಇದೇ ನಿಯಮ. ಒಂದೊಂದು ಅಲೆ ಹೆಚ್ಚಾದಾಗಲೂ ಒಂದೊಂದು ಮಿಣುಕು.

ಉಳಿದದ್ದು ಹಿರಿಯರೂ ಬಲ್ಲ ತ್ರೈರಾಶಿಕ. ಅರ್ಧ ಮೀಟರ್ ಎಂದು ಗೊತ್ತಿರುವ ದಾರಿಯಲ್ಲಿ 1,000 ಮಿಣುಕು, ಗೊತ್ತಿಲ್ಲದ ದಾರಿಯಲ್ಲಿ ಅದೇ ವೇಳೆಗೆ 2,400 ಮಿಣುಕು ಬಂದರೆ ಆ ದೂರವೆಷ್ಟು? 1.2 ಮೀಟರ್. ಮಿಣುಕಿನ ಭಿನ್ನಾಂಶವನ್ನೂ ಲೆಕ್ಕಕ್ಕೆ ಹಿಡಿದರೆ ಅಳತೆ ಇನ್ನಷ್ಟು ನಿಖರ.

ಒಂದು ತೊಡಕಿದೆ. ಅಳೆಯುವ ಹೊತ್ತಿನಲ್ಲೇ ಚೌಕಟ್ಟು ಒಂದಿಷ್ಟು ಸರಿದರೆ ಅದರಿಂದಲೂ ಮಿಣುಕು ಹೆಚ್ಚುಕಡಿಮೆಯಾಗಿ, ಸಣ್ಣ ಚಲನೆ ಭಾರೀ ತಪ್ಪಾಗಿ ಕಾಣುತ್ತದೆ. ಅದಕ್ಕೆಂದೇ ಎರಡು ಲೇಸರ್‌ಗಳನ್ನು ಬಳಸುತ್ತಾರೆ. ಒಂದರ ತರಂಗದೂರ ಕುಗ್ಗುತ್ತಿರುವಾಗ ಇನ್ನೊಂದರದು ಹಿಗ್ಗುತ್ತದೆ. ಒಂದರಲ್ಲಿ ಕೂಡಿದ ತಪ್ಪು ಇನ್ನೊಂದರಲ್ಲಿ ಕಳೆಯುವುದರಿಂದ ಸರಾಸರಿಯಲ್ಲಿ ಅದು ಅಳಿದುಹೋಗುತ್ತದೆ.

ಅಟ್ಲಾಸ್ ಒಡಲಿನಲ್ಲಿ ಇಂಥ 842 ಬೆಳಕಿನ ಅಳತೆಗೋಲುಗಳನ್ನು ಜೋಡಿಸಲಾಯಿತು. ಕೂದಲೆಳೆಯಂಥ ಗಾಜಿನ ತಂತುಗಳು ಬೆಳಕನ್ನು ಒಳಗೊಯ್ದು ಹೊರತರುತ್ತವೆ. ಒಂದೊಂದು ಉದ್ದವನ್ನೂ ಸುಮಾರು 1 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ನಿಖರವಾಗಿ ಅಳೆಯುವುದು ಇದರ ಗುರಿ.

ಹೆಜ್ಜೆಯ ಲೆಕ್ಕವನ್ನು ಮಕ್ಕಳು ಇಂದೇ ಮನೆಯ ಅಂಗಳದಲ್ಲೂ ಬೀದಿಯಲ್ಲೂ ಮಾಡಿ ನೋಡಬಹುದು. ಹೆಜ್ಜೆ ಮಾತ್ರ ಪ್ರತಿ ಸಲವೂ ಸಮನಾಗಿರಬೇಕು. ಅದೆಷ್ಟು ಕಷ್ಟವೆಂದು ತಿಳಿದಾಗ, ಲೇಸರಿನ ಹೆಜ್ಜೆಯನ್ನು ಅಂಕೆಯಲ್ಲಿಡುವವರ ಶ್ರಮವೂ ಅರ್ಥವಾದೀತು.