ಮಗುವಿನ ನಾಲಿಗೆ, ಅಜ್ಜಿಯ ಒಳಲೆ

ಊರಿನಿಂದ ಬರುವ ಅಜ್ಜಿಯರ ಪೆಟ್ಟಿಗೆಯಲ್ಲಿ ಬಾಣಂತಿ ಖಾರದ ಜೊತೆಗೆ ಬೆಳ್ಳಿಯ ಒಳಲೆಯೂ ಸತ್ವಾದ ಮನೆಗಳಿಗೆ ಬಂದಿಳಿಯುವುದುಂಟು. “ಮಗು ಸರಿಯಾಗಿ ಚೀಪುವುದಿಲ್ಲ, ತಾಯಿಗೆ ಹಾಲು ಸಾಲದು, ಡಬ್ಬಿ ತನ್ನಿ” ಎಂಬ ತೀರ್ಪೂ ಅದರ ಹಿಂದೆಯೇ ಬರುತ್ತದೆ. ತಾಯಿಯನ್ನು ದೂರುವ ಮೊದಲು ಮಗುವಿನ ನಾಲಿಗೆಯನ್ನು ನೋಡಬೇಕೆಂಬುದು ನಮ್ಮ ವಾದ. ನಾವು ಓದಿದ್ದು ರಸಾಯನಶಾಸ್ತ್ರ, ವೈದ್ಯವಲ್ಲ. ಆದರೆ ಅಳತೆಯ ಮಾತು ಬಂದರೆ ಸುಮ್ಮನಿರುವುದು ಕಷ್ಟ.

ಮುಚ್ಚಿದ ಬಾಯೊಳಗಿನ ನಾಲಿಗೆಯನ್ನು ಅಳೆಯುವುದು ಹೇಗೆ? 1958ರಲ್ಲಿ ಆರ್ಡ್ರನ್, ಕೆಂಪ್, ಲಿಂಡ್ ಎಂಬ ಮೂವರು ಎಕ್ಸ್‌ರೇ ಚಲನಚಿತ್ರವನ್ನೇ ತೆಗೆದರು. ನಾಲಿಗೆ ಮುಂದಿನಿಂದ ಹಿಂದಕ್ಕೆ ಒತ್ತುತ್ತ, ಹಸು ಕರೆಯುವ ಬೆರಳುಗಳಂತೆ ಹಾಲು ಹಿಂಡುತ್ತದೆಂದು ಅವರಿಗೆ ಕಂಡಿತು. ಎಂಬತ್ತರ ದಶಕದಲ್ಲಿ ಅಲ್ಟ್ರಾಸೌಂಡ್ ಬಂದ ಮೇಲೆ ಗದ್ದದ ಕೆಳಗೆ ಉಪಕರಣ ಹಿಡಿದರೆ ಸಾಕಾಯಿತು. 2008ರಲ್ಲಿ ಆಸ್ಟ್ರೇಲಿಯದ ಡೋನಾ ಗೆಡ್ಡೆಸ್ ಮತ್ತು ಸಂಗಡಿಗರು ಇದರೊಂದಿಗೆ ಸಣ್ಣ ಕೊಳವೆಯ ಮೂಲಕ ಬಾಯೊಳಗಿನ ಒತ್ತಡವನ್ನೂ ಅಳೆದರು. ನಾಲಿಗೆ ಕೆಳಗಿಳಿದು ಹೀರಿಕೆ ಏರಿದಾಗಲೇ ಹಾಲು ಹರಿಯುತ್ತಿತ್ತು! ಹೀರಿಕೆಯ ತುದಿ ಸರಾಸರಿ 145 ಮಿ.ಮೀ. ಪಾದರಸದಷ್ಟು, ಎಂದರೆ ವಾಯುಮಂಡಲದ ಒತ್ತಡದ ಐದರಲ್ಲೊಂದು ಪಾಲಿಗೆ ಹತ್ತಿರ. ಹಸುಗೂಸಿನ ಬಾಯಿಗೆ ಇದು ಸಣ್ಣ ಕೆಲಸವಲ್ಲ.

ನಾಲಿಗೆಯಡಿಯ ತಂತು ಬಿಗಿಯಾಗಿದ್ದರೆ ಈ ಇಳಿತ ಕುಂಟುವುದುಂಟು, ತಾಯಿಗೂ ನೋವು. ಹಾಗೆಂದು ಕಂಡ ಮಗುವಿಗೆಲ್ಲ ಕತ್ತರಿ ಬೇಡ, ಬಲ್ಲ ವೈದ್ಯರು ಹಾಲೂಡಿಸುವುದನ್ನು ಕಣ್ಣಾರೆ ನೋಡಿ ಹೇಳಲಿ. ದಿನ ತುಂಬದ ಮಕ್ಕಳ ಕಷ್ಟ ಬೇರೆ. ಚೀಪುವುದು, ನುಂಗುವುದು, ಉಸಿರಾಡುವುದು ಹೊಂದಿಕೊಳ್ಳುವುದೇ ಸುಮಾರು 34 ವಾರಗಳ ಹೊತ್ತಿಗೆ.

ಒಳಲೆಗೆ ಹೀರಿಕೆ ಬೇಕಿಲ್ಲ, ಅದೇ ಅದರ ಗುಣ. ತಮಿಳರು ಪಾಲಾಡೈ ಎನ್ನುತ್ತಾರೆ. 1999ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದು ಸೀಸೆ, ಬಟ್ಟಲು, ಪಾಲಾಡೈಗಳನ್ನು ಹೋಲಿಸಿದಾಗ, ಪಾಲಾಡೈಯಲ್ಲೇ ಮಕ್ಕಳು ಕಡಿಮೆ ಹೊತ್ತಿನಲ್ಲಿ ಹೆಚ್ಚು ಹಾಲು ಕುಡಿದುವು. ಆದರೆ ಇಲ್ಲಿ ವೇಗ ಹುಯ್ಯುವವರ ಕೈಯಲ್ಲಿದೆ. ಕಾಲ ಮೇಲೆ ಅಂಗಾತ ಮಲಗಿಸಿ ಗಂಟಲಿಗೆ ಹುಯ್ಯುವ ಹಳೆಯ ಪದ್ಧತಿಯನ್ನು ಅಜ್ಜಿಯರು ದಯವಿಟ್ಟು ಬಿಡಬೇಕು. ಹಾಲು ಉಸಿರುನಾಳಕ್ಕೆ ಹೋದೀತು. ಮಗುವಿನ ತಲೆ ಎತ್ತಿ ಹಿಡಿದು, ಮೂತಿಯನ್ನು ತುಟಿಯಂಚಿಗಿಟ್ಟು, ಒಂದು ಗುಟುಕು ನುಂಗಿದ ಮೇಲೆಯೇ ಇನ್ನೊಂದು.

ಖಾಸಗಿ ನೌಕರಿಯ ತಾಯಂದಿರಿಗೆ 2022ರಲ್ಲಿ ಜಾರಿಗೆ ಬಂದ ಇಲ್ಲಿನ ಕಾಯ್ದೆ ಕೊಟ್ಟದ್ದು 60 ದಿನಗಳ ಹೆರಿಗೆ ರಜೆ, ಹೆರಿಗೆಯಿಂದ ಆರು ತಿಂಗಳವರೆಗೆ ಹಾಲೂಡಿಸಲು ದಿನಕ್ಕೆ ಒಂದು ಗಂಟೆಯ ಬಿಡುವು. ಉಳಿದ ಹೊತ್ತಿಗೆ ತಾಯಿ ಹಿಂಡಿಟ್ಟ ಹಾಲನ್ನು ಅಜ್ಜಿ ಒಳಲೆಯಲ್ಲಿ ಕುಡಿಸಬಹುದು. ಮೂತಿಯ ಸಂದಿಯಲ್ಲಿ ಹಾಲಿನ ಜಿಡ್ಡು ಕೂರುತ್ತದೆ. ಪ್ರತಿ ಸಲವೂ ತೊಳೆದು ಕುದಿಸಿ.