ಹತ್ತೊಂಬತ್ತು ಹೆಸರು, ಒಂದು ಸಂಖ್ಯೆ

ದ್ವಿತೀಯ ಪಿಯುಸಿ ಓದುತ್ತಿರುವ ಮಗ ಎನ್‌ಡಿಎ ಪರೀಕ್ಷೆಗೆ ಅರ್ಜಿ ಹಾಕುತ್ತೇನೆಂದು ಹಟ ಹಿಡಿದು ಮೂರು ತಿಂಗಳಾಗಿತ್ತು. ಮನೆಯಲ್ಲಿ ಇದಕ್ಕೆ ಅಡ್ಡ ನಿಂತವಳು ನಾನೊಬ್ಬಳೇ. ಯಜಮಾನರದು ಯಥಾಪ್ರಕಾರ ‘ನೋಡೋಣ’. ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರರಾಗಿ ನಿವೃತ್ತರಾದ ಮಾವನವರು ಹೌದೆನ್ನಲೂ ಇಲ್ಲ, ಬೇಡವೆನ್ನಲೂ ಇಲ್ಲ. ತಮ್ಮ ಸೇನೆಯ ದಿನಗಳ ಬಗ್ಗೆ ಅವರು ಮಾತನಾಡಿದ್ದೇ ಕಡಿಮೆ. ಊಟ ಚೆನ್ನಾಗಿತ್ತು, ಚಳಿ ಜಾಸ್ತಿ ಇತ್ತು ಎನ್ನುವಲ್ಲಿಗೆ ಅವರ ಕಥೆ ಮುಗಿಯುತ್ತಿತ್ತು.

ಆ ಶನಿವಾರ ರಾತ್ರಿ ಊಟವಾದ ಮೇಲೆ ಮಗ ಟಿ.ವಿ.ಯಲ್ಲಿ ಒಂದು ಇಂಗ್ಲಿಷ್ ಸಿನಿಮಾ ಹಾಕಿದ. ‘ಅಮ್ಮ, ಇದನ್ನ ಪೂರ್ತಿ ನೋಡು. ಸೈನಿಕ ಅಂದ್ರೆ ಏನು ಅಂತ ನಿನಗೇ ಗೊತ್ತಾಗತ್ತೆ’ ಎಂದ. ಯುದ್ಧದ ಚಿತ್ರ, ಭೀಕರವಾಗಿದೆ ಎಂದು ನಾನೂ ಕೇಳಿದ್ದೆ. ಸರಿ, ನೋಡಲಿ, ರಕ್ತ ಕಂಡರೆ ಹುಡುಗನ ಹುಮ್ಮಸ್ಸು ಇಳಿದೀತು ಎಂದು ಒಳಗೊಳಗೇ ಲೆಕ್ಕ ಹಾಕಿ ಕುಳಿತೆ. ಒಂದೇ ಚಿತ್ರದಿಂದ ಅವನೊಂದು ಫಲ ಬಯಸಿದ್ದ, ನಾನು ಅದಕ್ಕೆ ತದ್ವಿರುದ್ಧವಾದದ್ದನ್ನು.

ಚಿತ್ರ ‘ಬ್ಲ್ಯಾಕ್ ಹಾಕ್ ಡೌನ್’. ರಿಡ್ಲಿ ಸ್ಕಾಟ್ ನಿರ್ದೇಶನದ್ದು, 2001ರ ಕೊನೆಯಲ್ಲಿ ಬಿಡುಗಡೆಯಾದದ್ದು. ಪತ್ರಕರ್ತ ಮಾರ್ಕ್ ಬೌಡನ್ 1997ರಲ್ಲಿ ಫಿಲಡೆಲ್ಫಿಯಾದ ದಿನಪತ್ರಿಕೆಯೊಂದಕ್ಕೆ ಬರೆದ ಲೇಖನಮಾಲೆ ಮುಂದೆ ಪುಸ್ತಕವಾಯಿತು, ಪುಸ್ತಕ ಚಿತ್ರವಾಯಿತು. ಆಫ್ರಿಕಾದ ಸೊಮಾಲಿಯಾ ದೇಶದ ರಾಜಧಾನಿ ಮೊಗಾದಿಶುವಿನಲ್ಲಿ 1993ರ ಅಕ್ಟೋಬರ್ 3ರ ಮಧ್ಯಾಹ್ನದಿಂದ ಮರುದಿನ ಬೆಳಗಿನವರೆಗೆ ನಡೆದ ಕಾಳಗವೇ ಕಥಾವಸ್ತು. ಫರಾ ಐದೀದ್ ಎಂಬ ಸೇನಾನಾಯಕನ ಇಬ್ಬರು ಆಪ್ತರನ್ನು ನಗರದ ನಡುವಿನ ಮನೆಯೊಂದರಿಂದ ಹಿಡಿದು ತರಬೇಕು. ಅಮೆರಿಕದ ಸುಮಾರು 160 ಮಂದಿ ಸೈನಿಕರು ಹೆಲಿಕಾಪ್ಟರ್ ಮತ್ತು ಜೀಪುಗಳಲ್ಲಿ ಹೋಗುತ್ತಾರೆ. ಹೆಚ್ಚೆಂದರೆ ಒಂದು ತಾಸಿನ ಕೆಲಸ. ಆದರೆ ಹೆಗಲ ಮೇಲಿಟ್ಟು ಹಾರಿಸುವ ರಾಕೆಟ್ಟುಗಳಿಗೆ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರುಗಳು ಸಿಕ್ಕಿ ಉರುಳುತ್ತವೆ. ಬಿದ್ದವರನ್ನು ತರಲು ಹೋದವರೂ ಸಿಕ್ಕಿಬೀಳುತ್ತಾರೆ. ರಾತ್ರಿಯಾಗುತ್ತದೆ.

ಚಿತ್ರ ಶುರುವಾಗುವ ಮೊದಲು ತೆರೆಯ ಮೇಲೆ ಯುದ್ಧದ ಕುರಿತ ಒಂದು ಸೂಕ್ತಿ ಮೂಡುತ್ತದೆ, ಕೆಳಗೆ ಪ್ಲೇಟೋ ಹೆಸರು. ಅದು ಪ್ಲೇಟೋನ ಮಾತಲ್ಲ. ಜಾರ್ಜ್ ಸಾಂಟಾಯನ ಎಂಬ ಚಿಂತಕ 1922ರ ಪುಸ್ತಕವೊಂದರಲ್ಲಿ ಬರೆದದ್ದು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುವವಳಾದ್ದರಿಂದ ಇಂಥದ್ದು ನನ್ನ ಕಣ್ಣಿಗೆ ಬೇಗ ಚುಚ್ಚುತ್ತದೆ. ಕೋಟಿಗಟ್ಟಲೆ ಸುರಿದು ಚಿತ್ರ ತೆಗೆಯುವವರು ಮೊದಲ ಸಾಲನ್ನು ಯಾರಾದರೂ ಮೇಷ್ಟ್ರಿಗೆ ತೋರಿಸಬಾರದಿತ್ತೇ?

ಮೊದಲ ಅರ್ಧ ಗಂಟೆ ಹುಡುಗರ ಹಾಸ್ಟೆಲಿನಂತಿದೆ. ತಮಾಷೆ, ಕಾಫಿ, ಒಬ್ಬರನ್ನೊಬ್ಬರು ಕಿಚಾಯಿಸುವುದು. ಹೊರಡುವ ಮುಂಚೆ ಸಾಮಾನು ಕಟ್ಟುವ ದೃಶ್ಯವೊಂದಿದೆ. ಕತ್ತಲಾಗುವುದರೊಳಗೆ ಬರುತ್ತೇವಲ್ಲ ಎಂದು ರಾತ್ರಿ ಕಾಣುವ ದುರ್ಬೀನು ಬಿಡುತ್ತಾರೆ. ಗುಂಡು ತಡೆಯುವ ಕವಚದ ಬೆನ್ನಿನ ಫಲಕ ಭಾರವೆಂದು ಒಬ್ಬ ತೆಗೆದಿಡುತ್ತಾನೆ. ನೀರಿನ ಬಾಟಲಿ ಏಕೆ, ಅದರ ಬದಲು ಗುಂಡು ತುಂಬಿಕೋ ಎಂದು ಹೊಸಬನಿಗೆ ಹಳಬರ ಸಲಹೆ. ಇದು ಕಥೆಗಾಗಿ ಕಟ್ಟಿದ್ದಲ್ಲ. ಆ ದಿನ ನಿಜಕ್ಕೂ ಎಷ್ಟೋ ಮಂದಿ ನೀರು, ದುರ್ಬೀನು ಬಿಟ್ಟು ಹೋಗಿದ್ದರು.

ಮೂಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿದಂತಿದ್ದ ಮಾವನವರು ಆಗ ಎದ್ದು ಕುಳಿತರು. ‘ನೀರು ಬಿಟ್ಟು ಹೊರಟರಲ್ಲೋ!’ ಎಂದರು. ಇಡೀ ಚಿತ್ರಕ್ಕೆ ಅವರ ಮೊದಲ ಮಾತು ಅದು.

ಆಮೇಲಿನದ್ದನ್ನು ಹೇಳುವುದು ಕಷ್ಟ. ಒಟ್ಟು ಎರಡೂಕಾಲು ಗಂಟೆಗೂ ಮೀರಿದ ಚಿತ್ರದಲ್ಲಿ ಮುಕ್ಕಾಲು ಪಾಲು ಬರೀ ಸದ್ದು. 2002ರ ಆಸ್ಕರ್ ಸಮಾರಂಭದಲ್ಲಿ ಇದಕ್ಕೆ ಬಂದ ಪ್ರಶಸ್ತಿಗಳು ಎರಡು: ಸಂಕಲನಕ್ಕೊಂದು, ಧ್ವನಿಗೊಂದು. ಎರಡೂ ಸರಿಯಾದ ಜಾಗಕ್ಕೇ ಹೋಗಿವೆ. ಗುಂಡು ಗೋಡೆಗೆ ತಗಲುವ ಸದ್ದು ಬೇರೆ, ಮಣ್ಣಿಗೆ ಬೀಳುವುದು ಬೇರೆ, ಲೋಹಕ್ಕೆ ತಾಗುವುದು ಬೇರೆ. ಖಾಲಿ ತೋಟಾಗಳು ಒಬ್ಬನ ಕುತ್ತಿಗೆಯ ಮೇಲೆ ಬಿದ್ದು ಸುಡುತ್ತವೆ. ಇನ್ನೊಬ್ಬನಿಗೆ ಕಿವಿ ಪಕ್ಕದಲ್ಲೇ ಬಂದೂಕು ಹಾರಿ ಏನೂ ಕೇಳಿಸದಂತಾಗುತ್ತದೆ; ಅವನು ಮುಂದಿನ ಹೊತ್ತೆಲ್ಲ ಕಿರುಚಿಯೇ ಮಾತಾಡುತ್ತಾನೆ. ಯಾರು ಯಾರೆಂದು ಗುರುತು ಹತ್ತುವುದಿಲ್ಲ. ಎಲ್ಲರದೂ ಒಂದೇ ಉಡುಪು, ಒಂದೇ ಬಗೆಯ ಧೂಳು ಮೆತ್ತಿದ ಮುಖ. ಗಾಯಾಳುವೊಬ್ಬನ ತೊಡೆಯ ರಕ್ತನಾಳ ಹಿಡಿಯಲು ವೈದ್ಯ ಸಹಾಯಕ ಗಾಯದೊಳಗೆ ಕೈ ಹಾಕುವ ದೃಶ್ಯವನ್ನು ನಾನು ಪೂರ್ತಿ ನೋಡಲಿಲ್ಲ. ಸೆರಗು ಮುಖಕ್ಕೆ ಬಂದಿತ್ತು.

1990ರಲ್ಲಿ ‘ಮುತ್ತಿನ ಹಾರ’ ನೋಡಿ ಕಣ್ಣೀರು ಹಾಕಿದ ತಲೆಮಾರು ನನ್ನದು. ಅಲ್ಲಿ ಸೈನಿಕನಿಗೊಂದು ಮನೆಯಿತ್ತು, ಪ್ರೀತಿಯಿತ್ತು, ಹಾಡಿತ್ತು. ಅವನಿಗೆ ಏನಾದರೂ ಆದರೆ ಯಾರಿಗೆ ನಷ್ಟ ಎಂಬುದು ನಮಗೆ ಗೊತ್ತಿತ್ತು. ಇಲ್ಲಿ ಅಂಥ ಅಪ್ಪಣೆಯೇ ಇಲ್ಲ. ಅಳುವುದಕ್ಕೂ ಪುರುಸೊತ್ತು ಕೊಡದೆ ಮುಂದಿನ ಬೀದಿಗೆ ಎಳೆದೊಯ್ಯುತ್ತಾರೆ.

ನನ್ನನ್ನು ಹೆಚ್ಚು ಕಾಡಿದ್ದು ರಕ್ತವಲ್ಲ, ಜೀಪುಗಳ ಸಾಲು. ಬಿದ್ದ ಹೆಲಿಕಾಪ್ಟರಿನ ಜಾಗ ಹುಡುಕಿಕೊಂಡು ಅವು ಊರೊಳಗೆ ಹೊರಡುತ್ತವೆ. ಆಕಾಶದಲ್ಲಿ ಕಣ್ಗಾವಲು ವಿಮಾನವಿದೆ. ಅದಕ್ಕೆ ಎಲ್ಲ ಬೀದಿಯೂ ಕಾಣುತ್ತದೆ. ದೂರದ ನೆಲೆಯಲ್ಲಿ ಸೇನಾಧಿಕಾರಿಗಳು ಪರದೆಯ ಮೇಲೆ ಎಲ್ಲವನ್ನೂ ನೋಡುತ್ತಿದ್ದಾರೆ. ಆದರೆ ವಿಮಾನದ ಮಾತು ನೆಲೆಗೆ ಹೋಗಿ, ಅಲ್ಲಿಂದ ಜೀಪಿಗೆ ಬರುವಷ್ಟರಲ್ಲಿ ತಿರುವು ದಾಟಿರುತ್ತದೆ. ಎಡಕ್ಕೆ ಎನ್ನುವಾಗ ಎಡಗಡೆಯ ಬೀದಿ ಹಿಂದೆ ಉಳಿದಿರುತ್ತದೆ. ಹೀಗೆ ಗುಂಡಿನ ಮಳೆಯಲ್ಲಿ ಸುತ್ತಿದ್ದೇ ಸುತ್ತಿದ್ದು. ಇದೂ ನಡೆದದ್ದೇ. ಆಧುನಿಕ ಯುದ್ಧವೆಂದರೆ ಎಲ್ಲ ಗೊತ್ತಿರುವ ಯುದ್ಧ ಎಂದುಕೊಂಡಿದ್ದ ನನಗೆ, ಗೊತ್ತಿರುವವನು ಒಬ್ಬ, ಸಾಯುವವನು ಇನ್ನೊಬ್ಬ ಎಂಬುದು ಅಲ್ಲಿ ಹೊಳೆಯಿತು.

ಮಗನ ಕಡೆ ನೋಡಿದೆ. ಹುಮ್ಮಸ್ಸು ಇಳಿದಿರಲಿಲ್ಲ. ಸೋಫಾದ ಅಂಚಿಗೆ ಬಂದಿದ್ದ, ಮುಷ್ಟಿ ಬಿಗಿದಿತ್ತು. ಉರುಳಿದ ಎರಡನೇ ಹೆಲಿಕಾಪ್ಟರಿನ ಬಳಿ ಇಳಿಯಲು ಗಾರ್ಡನ್, ಶುಗಾರ್ಟ್ ಎಂಬ ಇಬ್ಬರು ತಾವೇ ಕೇಳಿಕೊಳ್ಳುತ್ತಾರೆ. ಸುತ್ತ ಜನಸಾಗರ ಮುತ್ತಿದೆ, ಇಳಿದರೆ ಬದುಕಿ ಬರುವುದು ಸುಳ್ಳು ಎಂದು ಬಲ್ಲರು. ಇಳಿಯುತ್ತಾರೆ, ಸಾಯುತ್ತಾರೆ. ಅವರು ಕಾಪಾಡಹೋದ ಪೈಲಟ್ ಮೈಕೆಲ್ ಡ್ಯುರಾಂಟ್ ಸೆರೆಸಿಕ್ಕಿ 11 ದಿನಗಳ ಮೇಲೆ ಬಿಡುಗಡೆಯಾದ. ಆ ಇಬ್ಬರಿಗೆ 1994ರಲ್ಲಿ ಮರಣೋತ್ತರವಾಗಿ ಅಮೆರಿಕದ ಅತ್ಯುನ್ನತ ಶೌರ್ಯ ಪದಕ ನೀಡಲಾಯಿತು. ಆ ದೃಶ್ಯದಲ್ಲಿ ಮಗನ ಕಣ್ಣು ತುಂಬಿದ್ದವು. ನನ್ನವೂ. ಆದರೆ ನಾನು ಅತ್ತಿದ್ದು ಅವರ ತಾಯಂದಿರ ನೆನಪಿಗೆ, ಅವನು ಅತ್ತಿದ್ದು ತಾನೂ ಹಾಗೆ ಇಳಿಯಬೇಕೆಂಬ ಆಸೆಗೆ. ಹದಿನೇಳರ ಹುಡುಗನನ್ನು ಯುದ್ಧದ ಭೀಕರತೆ ತೋರಿಸಿ ಹೆದರಿಸಬಹುದೆಂದು ತಿಳಿದ ತಂದೆತಾಯಿ ಯಾರಾದರೂ ಇದ್ದರೆ, ನನ್ನ ಅನುಭವ ಕೇಳಿ: ಆಗುವುದಿಲ್ಲ. ಭೀಕರವಾದಷ್ಟೂ ಅದು ಅವರಿಗೆ ಪರೀಕ್ಷೆಯಂತೆ ಕಾಣುತ್ತದೆ, ತಾನು ಪಾಸಾಗುತ್ತೇನೋ ಇಲ್ಲವೋ ಎಂದು ನೋಡಿಕೊಳ್ಳುವ ಪರೀಕ್ಷೆ.

ಚಿತ್ರ ಮುಗಿಯುವಾಗ ತೆರೆಯ ಮೇಲೆ ಅಕ್ಷರಗಳು ಬಂದವು. ಸತ್ತ ಸೊಮಾಲಿಗಳು ಸಾವಿರಕ್ಕೂ ಹೆಚ್ಚು, ಪ್ರಾಣ ತೆತ್ತ ಅಮೆರಿಕನ್ನರು 19 ಎಂದಿತ್ತು. ಕಾಳಗದಲ್ಲಿ ಸತ್ತವರು 18. ಎರಡು ದಿನದ ನಂತರ ನೆಲೆಯ ಮೇಲೆ ಬಿದ್ದ ಶೆಲ್ಲಿಗೆ ಬಲಿಯಾದವನು ಹತ್ತೊಂಬತ್ತನೆಯವನು. ಆ ಹತ್ತೊಂಬತ್ತೂ ಹೆಸರು ತೆರೆಯ ಮೇಲೆ ಮೂಡಿದವು.

‘ಆ ಸಾವಿರ ಜನ ಯಾರು?’ ಎಂದೆ.

‘ಅವರು... ಐದೀದ್ ಕಡೆಯವರು’ ಎಂದ ಮಗ.

‘ಊರಿಗೆ ಊರೇ ಓಡಿಬಂತಲ್ಲ. ಹೆಂಗಸರು, ಹುಡುಗರು. ಎಲ್ಲರೂ ಐದೀದ್ ಕಡೆಯವರೇ? ಅಷ್ಟು ಸಿಟ್ಟು ಯಾಕೆ?’

ಅವನಿಗೆ ಉತ್ತರ ಹೊಳೆಯಲಿಲ್ಲ. ತಪ್ಪು ಅವನದಲ್ಲ, ಚಿತ್ರದಲ್ಲಿ ಉತ್ತರವಿಲ್ಲ.

ತೆರೆಯ ಆಚೆ

ಭಾನುವಾರ ಬೆಳಿಗ್ಗೆ ದೋಸೆ ಹಾಕುತ್ತ ನನಗೆ ತಿಳಿದದ್ದನ್ನು ಹೇಳಿದೆ, ಉಳಿದದ್ದನ್ನು ಅವನೇ ಹುಡುಕಿ ತೆಗೆದ. 1991ರ ಜನವರಿಯಲ್ಲಿ ಸೊಮಾಲಿಯಾದ ಸರ್ವಾಧಿಕಾರಿ ಸಿಯಾದ್ ಬರ್ರೆ ಓಡಿಹೋದ ಮೇಲೆ ಕುಲ ಕುಲಗಳ ನಡುವೆ ಕಾದಾಟ ಹತ್ತಿತು, ಬೆನ್ನಿಗೇ ಬರಗಾಲ. ಮೂರು ಲಕ್ಷ ಮಂದಿ ಹಸಿವಿನಿಂದ ಸತ್ತರೆಂದು ಚಿತ್ರದ ಆರಂಭದಲ್ಲೇ ಬರುತ್ತದೆ. 1992ರ ಡಿಸೆಂಬರಿನಲ್ಲಿ ಅಮೆರಿಕದ ಪಡೆ ಬಂದದ್ದು ಅನ್ನ ತಲುಪಿಸುವುದಕ್ಕೆ. 1993ರ ಮೇ ತಿಂಗಳಲ್ಲಿ ಹೊಣೆ ವಿಶ್ವಸಂಸ್ಥೆಗೆ ಬಂತು. ಜೂನ್ 5ರಂದು ಪಾಕಿಸ್ತಾನದ 24 ಮಂದಿ ಶಾಂತಿಪಾಲಕರನ್ನು ಕೊಲ್ಲಲಾಯಿತು. ಇದನ್ನೂ ಚಿತ್ರ ಹೇಳುತ್ತದೆ.

ಹೇಳದೆ ಬಿಟ್ಟದ್ದು ಜುಲೈ 12. ಅಂದು ಐದೀದನ ಕುಲದ ಹಿರಿಯರು, ಪ್ರಮುಖರು ಸಭೆ ಸೇರಿದ್ದ ಮನೆಯ ಮೇಲೆ ಅಮೆರಿಕದ ಹೆಲಿಕಾಪ್ಟರುಗಳು ಕ್ಷಿಪಣಿ ಸುರಿಸಿದವು. ಸತ್ತವರೆಷ್ಟು ಎಂಬುದರಲ್ಲಿ ವಿಶ್ವಸಂಸ್ಥೆಯ ಲೆಕ್ಕ ಬೇರೆ, ರೆಡ್‌ಕ್ರಾಸ್ ಲೆಕ್ಕ ಬೇರೆ. ರೆಡ್‌ಕ್ರಾಸ್ ಪ್ರಕಾರ 50ಕ್ಕೂ ಹೆಚ್ಚು. ರೊಚ್ಚಿಗೆದ್ದ ಜನ ಅದೇ ದಿನ, ಆ ಅನಾಹುತವನ್ನು ವರದಿ ಮಾಡಲು ಬಂದಿದ್ದ ನಾಲ್ವರು ಪತ್ರಕರ್ತರನ್ನು ಹೊಡೆದು ಕೊಂದರು. ಅವರಲ್ಲೊಬ್ಬ, ಛಾಯಾಗ್ರಾಹಕ ಡ್ಯಾನ್ ಎಲ್ಡನ್‌ಗೆ ಇನ್ನೂ 22 ವರ್ಷ. ಅಕ್ಟೋಬರಿನಲ್ಲಿ ಬೀದಿಗಿಳಿದ ಜನಸಾಗರದ ಹಿಂದೆ ಈ ಜುಲೈ ಇದೆ. ಇದನ್ನು ತಿಳಿದರೆ ಗಾರ್ಡನ್, ಶುಗಾರ್ಟರ ಧೈರ್ಯ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಬೀದಿಯ ಆ ಕಡೆ ಓಡುತ್ತಿರುವವರು ಕೇವಲ ನೆರಳುಗಳಾಗಿ ಉಳಿಯುವುದಿಲ್ಲ.

ಇಷ್ಟರ ಮೇಲೂ ಚಿತ್ರಕ್ಕೆ ನ್ಯಾಯ ಸಲ್ಲಬೇಕು. ಅಲ್ಲಲ್ಲಿ ಒಂದೊಂದು ಕ್ಷಣ ಅದು ಆ ಕಡೆಗೂ ತಿರುಗಿ ನೋಡುತ್ತದೆ. ಗುಡ್ಡದ ಮೇಲೆ ಕುಳಿತ ಹುಡುಗನೊಬ್ಬ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು, ಹೆಲಿಕಾಪ್ಟರುಗಳು ಹೊರಟ ಸದ್ದನ್ನೇ ಊರಿಗೆ ಸುದ್ದಿಯಾಗಿ ಕಳಿಸುತ್ತಾನೆ. ಇನ್ನೊಬ್ಬ ಬಾಲಕ ಅಮೆರಿಕದ ಸೈನಿಕನಿಗೆ ಗುರಿಯಿಟ್ಟ ಗುಂಡು ತಪ್ಪಿ ಸ್ವಂತ ತಂದೆಗೇ ತಗಲುತ್ತದೆ. ಅವನು ಬಂದೂಕು ಬಿಟ್ಟು ಹೆಣದ ಮೇಲೆ ಬಿದ್ದು ಅಳುವಾಗ ಆ ಸೈನಿಕ ಸುಮ್ಮನೆ ನೋಡಿ ಹೊರಟುಹೋಗುತ್ತಾನೆ. ಹತ್ತು ಸೆಕೆಂಡು ಇರಬಹುದು. ಆ ಹುಡುಗನ ಹೆಸರೇನೆಂದು ಚಿತ್ರ ಕೇಳುವುದಿಲ್ಲ.

ಚಿತ್ರೀಕರಣ ನಡೆದದ್ದು ಮೊರಾಕ್ಕೊ ದೇಶದಲ್ಲಿ. ಮುಖ್ಯ ಸೊಮಾಲಿ ಪಾತ್ರಗಳನ್ನು ಮಾಡಿದವರು ಸೊಮಾಲಿಗಳಲ್ಲ. ಹೆಲಿಕಾಪ್ಟರ್ ಮತ್ತು ಪೈಲಟ್‌ಗಳನ್ನು ಕೊಟ್ಟದ್ದು ಅಮೆರಿಕದ ಸೇನೆಯೇ. ರಾತ್ರಿಯೆಲ್ಲ ಸಿಕ್ಕಿಬಿದ್ದವರನ್ನು ಹೊರತಂದದ್ದು ಮಲೇಷ್ಯಾದ ಕವಚದ ವಾಹನಗಳು, ಪಾಕಿಸ್ತಾನದ ಟ್ಯಾಂಕುಗಳು. ಮಲೇಷ್ಯಾದ ಸೈನಿಕನೊಬ್ಬ ಸತ್ತ. ತೆರೆಯ ಮೇಲೆ ಇವರು ಬಂದು ಹೋಗುವ ನೆಂಟರಂತೆ. 2002ರ ಜನವರಿಯಲ್ಲಿ ಕಳ್ಳ ಪ್ರತಿಯೊಂದು ಮೊಗಾದಿಶುವಿಗೇ ತಲುಪಿ ಪ್ರದರ್ಶನ ಕಂಡಿತು. ಅಮೆರಿಕನ್ನರು ಬೀಳುವಾಗಲೆಲ್ಲ ಪ್ರೇಕ್ಷಕರು ಕೇಕೆ ಹಾಕಿದರೆಂದು ವರದಿಗಳು ಬಂದವು. ನಮ್ಮ ಮನೆಯ ಸೋಫಾದಲ್ಲಿ ಕಣ್ಣು ತುಂಬಿದ ದೃಶ್ಯಕ್ಕೆ ಅಲ್ಲಿ ಚಪ್ಪಾಳೆ. ಇದನ್ನು ಓದಿದಾಗ ಮಗ ಸ್ವಲ್ಪ ಹೊತ್ತು ದೋಸೆ ಮುಟ್ಟಲಿಲ್ಲ.

ಅವನು ಹುಡುಕಿ ತೆಗೆದ ಇನ್ನೊಂದು ವಿಷಯ ನನಗೂ ಹೊಸದು. ಅದೇ 1993–94ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಭಾರತದ ಒಂದು ಬ್ರಿಗೇಡ್ ಸೊಮಾಲಿಯಾದಲ್ಲಿತ್ತು, ಬೈದೋವ ಎಂಬ ಊರಿನ ಸುತ್ತಮುತ್ತ. ಬಾವಿ ತೋಡಿಸಿತು, ಚಿಕಿತ್ಸೆ ನೀಡಿತು, ಅನ್ನದ ಲಾರಿಗಳಿಗೆ ಕಾವಲು ಹೋಯಿತು. ಆಗಲೂ ನಮ್ಮವರು ಸತ್ತರು, ಸೈನಿಕರ ಜೊತೆಗೆ ವೈದ್ಯರೂ. ಅವರ ಬಗ್ಗೆ ಯಾರೂ ಇಂಥದೊಂದು ಚಿತ್ರ ತೆಗೆಯಲಿಲ್ಲ. ಬಾವಿ ತೋಡುವುದನ್ನು ಎರಡು ಗಂಟೆ ಯಾರು ನೋಡುತ್ತಾರೆ ಹೇಳಿ!

ಸಂಜೆ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ತಾತನ ಪಕ್ಕದಲ್ಲಿ ಮಗ ಹೋಗಿ ಕುಳಿತ. ‘ತಾತ, ನಿಮಗೂ ಹಾಗೆ ಆಗಿತ್ತಾ? ಒಂದು ಗಂಟೆ ಕೆಲಸ ಅಂತ ಹೇಳಿ?’ ಎಂದ.

‘ಅವರೆಲ್ಲಾದರೂ ಗಂಟೆ ಲೆಕ್ಕ ಹೇಳ್ತಾರೇನೋ’ ಎಂದು ನಕ್ಕರು. ಆಮೇಲೆ, ನಾನು ಮದುವೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ಕೇಳದಿದ್ದ ಮಾತು ಹೊರಬಂತು. 1971ರ ಯುದ್ಧದಲ್ಲಿ ಅವರಿದ್ದದ್ದು ಪಶ್ಚಿಮದ ಗಡಿಯಲ್ಲಿ. ಯುದ್ಧವೇನೋ ಹದಿನಾಲ್ಕು ದಿನಕ್ಕೆ ಮುಗಿಯಿತು. ಇವರ ಕೆಲಸ ಮುಗಿಯಲಿಲ್ಲ. ನಮ್ಮ ಕಡೆಯ ರೈತರ ಹೊಲಗಳಲ್ಲಿ ನಾವೇ ಹೂತಿದ್ದ ಮೈನುಗಳನ್ನು ತೆಗೆಯಬೇಕಿತ್ತು. ಸಲಾಕೆಯಿಂದ ಮಣ್ಣನ್ನು ಓರೆಯಾಗಿ ಚುಚ್ಚುತ್ತ, ಅಂಗುಲ ಅಂಗುಲ. ಮಳೆಗೆ ಕೆಲವು ಜರುಗಿದ್ದವು. ನಕ್ಷೆಯಲ್ಲೊಂದು ಜಾಗ, ನೆಲದಲ್ಲೊಂದು ಜಾಗ.

‘ಒಬ್ಬ ಮುದುಕ ದಿನಾ ಬಂದು ಬದುವಿನ ಮೇಲೆ ಕೂರೋನು. ಬಿತ್ತಬಹುದಾ ಅಂತ ಕೇಳೋನು. ಇವತ್ತಲ್ಲ ಅಂತಿದ್ವಿ. ತಿಂಗಳುಗಟ್ಟಲೆ ಬಂದ. ಒಂದು ದಿನ ಅವನ ಮೊಮ್ಮಗ ಎಮ್ಮೆ ಹಿಂದೆ ಓಡಿಬಂದುಬಿಟ್ಟ...’ ಎಂದವರು ಅಡಿಕೆ ಹೋಳನ್ನು ಬಾಯಿಗೆ ಹಾಕಿಕೊಂಡರು. ಮಗ ಕಾದ. ಅವರು ಮುಂದುವರಿಸಲಿಲ್ಲ. ದೀಪ ಹಾಕಮ್ಮ, ಸೊಳ್ಳೆ ಶುರುವಾಯ್ತು ಎಂದರು.

ಅರ್ಜಿಗೆ ಮಂಗಳವಾರ ಕೊನೆಯ ದಿನವಿತ್ತು. ಸೋಮವಾರ ರಾತ್ರಿ ಮಗ ಕಂಪ್ಯೂಟರ್ ಮುಂದೆ ಕುಳಿತು ಹೆಸರು, ಜನ್ಮದಿನ ತುಂಬಿಸಿದ. ಬೇಡ ಎಂದು ಹೇಳುತ್ತೇನೇನೋ ಎಂಬಂತೆ ಎರಡು ಸಲ ನನ್ನತ್ತ ತಿರುಗಿ ನೋಡಿದ. ಪರೀಕ್ಷಾ ಕೇಂದ್ರದ ಜಾಗಕ್ಕೆ ಬಂದಾಗ, ಬೆಂಗಳೂರು ಹಾಕು, ಧಾರವಾಡ ದೂರವಾಗುತ್ತದೆ ಎಂದೆ.