ನಿಯತಾಂಕದ ಅರ್ಥ: ಹಲಸಿಯ ನಿವರ್ತನದ ನಿದರ್ಶನ

ಭೌತಶಾಸ್ತ್ರದ ಗ್ರಂಥಗಳಲ್ಲಿ 'ಪ್ಯಾರಾಮೀಟರ್' ಎಂಬ ಶಬ್ದವು ಪದೇ ಪದೇ ಬರುತ್ತದೆ. ಕನ್ನಡದಲ್ಲಿ ಅದನ್ನು 'ನಿಯತಾಂಕ'ವೆಂದು ಕರೆಯುವುದುಂಟು. ನಿಯತವೆಂದರೆ ನಿಶ್ಚಿತವಾದುದು. ಆದರೆ ಈ ನಿಶ್ಚಿತತೆಯು ಸಾರ್ವಕಾಲಿಕವಲ್ಲ. ಒಂದು ಸಂದರ್ಭದ ಎಲ್ಲೆಯೊಳಗೆ ಮಾತ್ರ ಸಲ್ಲತಕ್ಕದ್ದು. ಈ ಸೂಕ್ಷ್ಮವನ್ನು ಶಾಸನಾಭ್ಯಾಸಿಗಳಿಗೆ ಪರಿಚಿತವಾದ ಹಲಸಿಯ ತಾಮ್ರಪಟಗಳ ಮೂಲಕವೇ ಗ್ರಹಿಸಬಹುದಾಗಿದೆ.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿರುವ ಹಲಸಿಯೇ ಪ್ರಾಚೀನ ಪಲಾಶಿಕಾ. ಆದಿಕದಂಬರ ಎರಡನೆಯ ರಾಜಧಾನಿ. ಇಲ್ಲಿಯ ತಾಮ್ರಪಟಗಳ ಪ್ರಕಾರ ಮೃಗೇಶವರ್ಮನು ತಂದೆಯ ಸ್ಮರಣಾರ್ಥ ಜಿನಾಲಯವನ್ನು ಕಟ್ಟಿಸಿ 33 ನಿವರ್ತನ ಭೂಮಿಯನ್ನು ದಾನವಿತ್ತನು. ರವಿವರ್ಮನ ತಮ್ಮ ಭಾನುವರ್ಮನು ಹುಣ್ಣಿಮೆಯ ಅಭಿಷೇಕಕ್ಕಾಗಿ 15 ನಿವರ್ತನಗಳನ್ನು ಬಿಟ್ಟನು. ಈ ಭೂಮಿಯು ಇಂದಿನ ಲೆಕ್ಕದಲ್ಲಿ ಎಷ್ಟು ಎಕರೆ?

ಕದಂಬರಿಗಿಂತ ಶತಮಾನಗಳಷ್ಟು ಈಚಿನದಾದರೂ, ಭಾಸ್ಕರಾಚಾರ್ಯರ 'ಲೀಲಾವತಿ'ಯು ಲೆಕ್ಕದ ಕ್ರಮವನ್ನು ಸ್ಪಷ್ಟಪಡಿಸುತ್ತದೆ. ಹತ್ತು ಮೊಳಕ್ಕೆ ಒಂದು ವಂಶ. ಪ್ರತಿ ಭುಜವೂ ಇಪ್ಪತ್ತು ವಂಶವಿರುವ ಚೌಕ ಕ್ಷೇತ್ರವೇ ನಿವರ್ತನ. ಅಂದರೆ ಭುಜವು 200 ಮೊಳ, ಕ್ಷೇತ್ರಫಲವು 40,000 ಚದರ ಮೊಳ. ಮೊಳವನ್ನು 45 ಸೆಂಟಿಮೀಟರ್ ಎಂದು ಹಿಡಿದರೆ ಒಂದು ನಿವರ್ತನವು ಸುಮಾರು 2 ಎಕರೆ. 33 ನಿವರ್ತನಗಳು 66 ಎಕರೆ. 50 ಸೆಂಟಿಮೀಟರ್ ಎಂದು ಹಿಡಿದರೆ ಅದೇ ದಾನವು 81 ಎಕರೆಯನ್ನು ಮೀರುತ್ತದೆ. ಮೊಳದಲ್ಲಿ ನೂರಕ್ಕೆ ಹನ್ನೊಂದರಷ್ಟು ವ್ಯತ್ಯಾಸವಾದರೆ ಭೂಮಿಯಲ್ಲಿ ನೂರಕ್ಕೆ ಇಪ್ಪತ್ತಮೂರರಷ್ಟು ವ್ಯತ್ಯಾಸ. ಏಕೆಂದರೆ ಕ್ಷೇತ್ರಫಲವು ಮೊಳದ ವರ್ಗವನ್ನು ಅನುಸರಿಸುತ್ತದೆ.

ಇಲ್ಲಿ ಮೂರು ಬಗೆಯ ಅಂಕಗಳಿವೆ. ದಾನದಿಂದ ದಾನಕ್ಕೆ ಬದಲಾಗುವ ನಿವರ್ತನಗಳ ಸಂಖ್ಯೆಯು ಚರ. ಈ ವ್ಯಾಖ್ಯೆಯಲ್ಲಿ ಎಂದಿಗೂ ಬದಲಾಗದ 40,000 ಎಂಬುದು ಸ್ಥಿರಾಂಕ. ಒಂದು ಸೀಮೆಯಲ್ಲಿ ಎಲ್ಲ ದಾನಗಳಿಗೂ ಒಂದೇ ಆಗಿದ್ದು, ಸೀಮೆ ಬದಲಾದರೆ ತಾನೂ ಬದಲಾಗಬಲ್ಲ ಮೊಳದ ಉದ್ದವೇ ನಿಯತಾಂಕ. ಕನ್ನಡ ಶಾಸನಗಳಲ್ಲಿ ಅಳೆದ ಗಳೆ, ಕೋಲುಗಳನ್ನು ಹೆಸರಿಸಿ ಹೇಳುವ ಪದ್ಧತಿಯ ಮಹತ್ವವು ಇದರಿಂದ ಅರಿವಾಗುತ್ತದೆ.

ಭೌತಶಾಸ್ತ್ರದ ಕ್ರಮವೂ ಇದೇ. ತೂಗಾಡುವ ಲೋಲಕವೊಂದನ್ನು ಪರಿಶೀಲಿಸೋಣ. ಕ್ಷಣಕ್ಷಣಕ್ಕೂ ಬದಲಾಗುವ ಅದರ ಸ್ಥಾನವು ಚರ. ದಾರದ ಉದ್ದ ಮತ್ತು ಆ ಸ್ಥಳದ ಗುರುತ್ವವೇಗೋತ್ಕರ್ಷ ಇವು ನಿಯತಾಂಕಗಳು. ಒಂದು ಮೀಟರ್ ಉದ್ದದ ಲೋಲಕವು ಸ್ವಲ್ಪವೇ ತೂಗುವಾಗ ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡು ಬೇಕು. ಉದ್ದವನ್ನು ನಾಲ್ಕು ಪಟ್ಟು ಮಾಡಿದರೆ 4 ಸೆಕೆಂಡು. ಗುರುತ್ವವು ಆರನೆಯ ಒಂದು ಭಾಗದಷ್ಟಿರುವ ಚಂದ್ರನ ಮೇಲೆ ಒಂದು ಮೀಟರಿನ ಲೋಲಕಕ್ಕೇ ಸುಮಾರು 5 ಸೆಕೆಂಡು ಹಿಡಿಯುತ್ತದೆ. ನಿಯಮವು ಬದಲಾಗಲಿಲ್ಲ, ಬದಲಾದುದು ನಿಯತಾಂಕ. ಗುಂಡಿನ ತೂಕವಾದರೋ ಈ ಕಾಲವನ್ನು ನಿರ್ಧರಿಸುವುದಿಲ್ಲ. ಆದುದರಿಂದ ಕಣ್ಣಿಗೆ ಕಾಣುವ ಪ್ರತಿಯೊಂದು ಪರಿಮಾಣವೂ ನಿಯತಾಂಕವಾಗದು. ಯಾವುದು ಫಲವನ್ನು ನಿರ್ಧರಿಸುವುದೆಂದು ವಿವೇಚಿಸುವುದೇ ಶಾಸ್ತ್ರದ ಮೊದಲ ಕಾರ್ಯ.

ನಿವರ್ತನಗಳನ್ನು ಎಕರೆಗೆ ಪರಿವರ್ತಿಸುವ ಅಭ್ಯಾಸಿಯು ತಾನು ಯಾವ ಮೊಳವನ್ನು ಅಂಗೀಕರಿಸಿದೆನೆಂಬುದನ್ನು ಮೊದಲು ಹೇಳತಕ್ಕದ್ದು. ಹೇಳದೆ ಕೊಟ್ಟ ಉತ್ತರವು ಲೆಕ್ಕದಲ್ಲಿ ಸರಿಯಾಗಿದ್ದರೂ ಪ್ರಮಾಣವಾಗಲಾರದು.